ಕೆಂಪು ಬಲ್ಬು

ಸವಳಂಗದ ಗ್ಯಾರೇಜಿನ ಮುಂದೆ ಕಾರನ್ನು ತಳ್ಳಿಕೊಂಡು ಬಂದು ನಿಲ್ಲಿಸುವಷ್ಟರಲ್ಲಿ ಓಂಕಾರಪ್ಪನ ಅಂಗಿ ಬೆನ್ನಿಗೆ ಅಂಟಿತ್ತು. ಹಿಂದಿನಿಂದ ತಳ್ಳಿದ್ದ ಹೆಂಡತಿ ಮೂಕಮ್ಮನ ಹೊಸ ಸೀರೆಯ ನೆರಿಗೆ ಕೆದರಿತ್ತು.

“ಇವತ್ತು ಬುಧವಾರ. ಹನ್ನೆರಡಕ್ಕೆ ರಾಹುಕಾಲ,” ಎಂದಳು ಅವಳು ಏದುಸಿರು ಬಿಡುತ್ತ. “ಅಷ್ಟರೊಳಗೆ ಶಿವಮೊಗ್ಗದ ಆಸ್ಪತ್ರೆಯಿಂದ ಬಾಣಂತೀನ ಹೊರಡಿಸ್ಬೇಕು. ಬೀಗರಿಗೆ ಫೋನ್ ಮಾಡ್ಲಾ? ಅವರ ಹೊಸ ಕಾರು ಅಲ್ಲೇ ಐತೆ.”

“ಬ್ಯಾಡ. ಬಾಣಂತನ ತವರಿನ್ದು. ಬೀಗರ ಕಾರಲ್ಲಿ ಮೊಮ್ಮಗಳು ಬಂದಿಳಿದ್ರೆ ಊರಾಗೆ ನಾನು ತಲೆ ಎತ್ತಿ ತಿರುಗಾಡೋದು ಹೆಂಗೆ?”

“ಈಗ ತಲೆ ತಗ್ಗಿಸಿ ತಳ್ಕೊಂಡು ಬಂದ್ರಲ್ಲ, ಹಂಗೇ.”

ಮಗಳು ಆಶಾ ಹುಟ್ಟಿದಾಗ ಅವಳನ್ನು ತಮ್ಮೂರು ಗೋವಿನಕೋವಿಗೆ ಕರೆತಂದದ್ದು ಇದೇ ಬಿಳಿ ಕಾರು. ಆಶಾಳ ಮಗಳೂ ಇದರಲ್ಲೇ ಮನೆಗೆ ಬರಬೇಕೆಂದು ಓಂಕಾರಪ್ಪನ ಹಟ.

ಮೆಕ್ಯಾನಿಕ್ ಕೆಂಚೇಶ್ ಕೈ ಒರೆಸಿಕೊಂಡು ಬಾನೆಟ್ಟು ಎತ್ತಿದ. ಬೆಲ್ಟು ಒತ್ತಿ ನೋಡಿದ, ಬಿಗಿಯಾಗಿತ್ತು. ಬ್ಯಾಟರಿಯ ತುದಿಗಳಲ್ಲಿ ಕಟ್ಟಿದ್ದ ಬಿಳಿ ಪುಡಿಯನ್ನು ನಿಧಾನವಾಗಿ ಕೆರೆದ. ಮೂರು ತಿಂಗಳಲ್ಲಿ ಹಾಕಿಸಿದ ಎರಡನೆಯ ಬ್ಯಾಟರಿ ಅದು. ಅದನ್ನು ಬಿಚ್ಚಿ, ಗ್ಯಾರೇಜಿನ ಬ್ಯಾಟರಿ ಕೂರಿಸಿ, ಇಂಜಿನ್ ಚಾಲೂ ಮಾಡಿ ಮೀಟರ್ ಹಿಡಿದ.

“ಹನ್ನೆರಡು ವೋಲ್ಟಿನ ಮೇಲೆ ಏಳ್ತಿಲ್ಲ. ಹದಿನಾಲ್ಕು ತೋರಿಸ್ಬೇಕಿತ್ತು. ಡೈನಮೋ ಬ್ಯಾಟರೀನ ಚಾರ್ಜ್ ಮಾಡ್ತಿಲ್ಲ ಓಂಕಾರಣ್ಣ.”

“ಹೋದ ತಿಂಗಳು ನೀನೇ ಬಿಚ್ಚಿ ನೋಡಿ ಚೆನ್ನಾಗೈತೆ ಅಂದ್ಯಲ್ಲಪ್ಪ?”

“ಈಗ್ಲೂ ಚೆನ್ನಾಗೇ ಐತೆ. ಅದಕ್ಕೇ ನಂಗೂ ತಲೆ ಕೆಟ್ಟಿರೋದು.”

ಇಂಜಿನ್ ಆರಿಸಿ, ಒಳಗೆ ಕೂತು, ಅವನು ಕೀಯನ್ನು ಅರ್ಧ ಮಾತ್ರ ತಿರುವಿದ. ಸ್ಟೇರಿಂಗಿನ ಹಿಂದೆ ಆಯಿಲ್ ದೀಪ ಹತ್ತಿತು, ಬ್ರೇಕಿನದೂ ಹತ್ತಿತು. ಪಕ್ಕದ ಒಂದು ಜಾಗ ಮಾತ್ರ ಕತ್ತಲಾಗಿತ್ತು. ಕೆಂಚೇಶ್ ಅಲ್ಲಿ ಬೆರಳಿಟ್ಟ.

“ಇಲ್ಲಿ ಬ್ಯಾಟರಿ ಚಿತ್ರ ಇರೋ ಕೆಂಪು ಲೈಟ್ ಬರ್ಬೇಕಲ್ಲ, ಎಲ್ಲಿ?”

ಓಂಕಾರಪ್ಪ ಗೋಡೆಗೆ ಒರಗಿಸಿದ್ದ ಹಳೇ ಟೈರುಗಳನ್ನು ನೋಡತೊಡಗಿದ.

“ತೆಗೆದೆ.”

“ಯಾಕ್ರೀ?” ಇದು ಮೂಕಮ್ಮ.

“ಆಶಾನ ಸೀಮಂತದ ದಿನ ಬೀಗಿತ್ತಿ ಮುಂದಿನ ಸೀಟಲ್ಲಿ ಕೂತಿದ್ರಲ್ಲ. ಕೀ ತಿರುವಿದ ಕೂಡ್ಲೆ ಕೆಂಪಗೆ ಉರೀತು. ‘ಗಾಡಿ ಏನಾದ್ರೂ ಕೆಟ್ಟೈತೇನ್ರಿ?’ ಅಂದ್ಬಿಟ್ರು, ಅಷ್ಟು ಜನದ ಮುಂದೆ. ಮಾರನೇ ದಿನ ಬಲ್ಬು ಕಿತ್ತಾಕ್ದೆ.”

ಕೆಂಚೇಶ್ ಸ್ಟೇರಿಂಗಿನ ಮೇಲೆ ಹಣೆಯಿಟ್ಟು ನಕ್ಕ. “ಅಣ್ಣಾ, ಕೀ ತಿರುವಿದಾಗ ಆ ಬಲ್ಬಿನ ಮೂಲಕಾನೇ ಒಂಚೂರು ಕರೆಂಟು ಡೈನಮೋಗೆ ಹೋಗೋದು. ಆ ಚೂರು ಸಿಕ್ರೆ ಅದು ಎದ್ದು ಕೆಲಸ ಹಿಡೀತೈತೆ. ಇಲ್ದಿದ್ರೆ ಸುಮ್ನೆ ತಿರುಗ್ತಿರ್ತೈತೆ ಅಷ್ಟೆ.”

“ಅಂದ್ರೆ ಮೂರು ತಿಂಗಳಿಂದ ನಾನು ತಳ್ಳಿದ್ದು ಗಾಡೀನಲ್ಲ, ನಿಮ್ಮ ಮರ್ಯಾದೆನ!” ಎಂದ ಮೂಕಮ್ಮನಿಗೆ ಬೈಯಬೇಕೆನಿಸಿದರೂ ನಗು ತಡೆಯಲಾಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕೆಂಚೇಶ್ ಡಬ್ಬಿಯಲ್ಲಿ ಕೈಯಾಡಿಸಿ, ಕಡಲೆಕಾಯಿಯಷ್ಟಿದ್ದ ಬಲ್ಬೊಂದನ್ನು ಹುಡುಕಿ ಸಿಕ್ಕಿಸಿದ. ಕೀ ತಿರುವಿದಾಗ ಕೆಂಪು ದೀಪ ಉರಿಯಿತು. ಇಂಜಿನ್ ಹಿಡಿಯಿತು, ದೀಪ ಆರಿತು. ಮೀಟರ್ ನೋಡಿದ ಓಂಕಾರಪ್ಪ “ಹದಿನಾಲ್ಕು!” ಎಂದು ಕೂಗಿದ ಸದ್ದಿಗೆ ಎದುರಿನ ಚಾ ಅಂಗಡಿಯವರೂ ತಿರುಗಿ ನೋಡಿದರು.

“ಸದ್ಯಕ್ಕೆ ನನ್ನ ಬ್ಯಾಟರೀಲೇ ಹೋಗಿ ಬರ್ರಿ. ಮೊದ್ಲು ಕೂಸು ಮನೆ ಸೇರ್ಲಿ,” ಎಂದ ಕೆಂಚೇಶ್.

ಶಿವಮೊಗ್ಗದ ಆಸ್ಪತ್ರೆಯಿಂದ ಹೊರಡುವಾಗ ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಮಗುವನ್ನು ಮಡಿಲಲ್ಲಿಟ್ಟುಕೊಂಡ ಆಶಾ, ಮೂಕಮ್ಮ ಹಿಂದೆ ಕೂತರು. ಬೀಗಿತ್ತಿ ಪ್ರೇಮಮ್ಮ ಮುಂದೆ ಕೂತರು. ಕೀ ತಿರುವಿದಾಗ ಅವರ ಕಣ್ಣು ಕೆಂಪು ದೀಪದ ಮೇಲೆ ಬಿತ್ತು. ಓಂಕಾರಪ್ಪ ಅವಸರಪಡದೆ, ಅವರು ಚೆನ್ನಾಗಿ ನೋಡಲೆಂದೇ ಒಂದು ಗಳಿಗೆ ಬಿಟ್ಟು ಇಂಜಿನ್ ಚಾಲೂ ಮಾಡಿದ.

ಆ ಸದ್ದಿಗೆ ಎಚ್ಚರಗೊಂಡ ಕೂಸು ಮುಷ್ಟಿ ಬಿಗಿದು, ಇಡೀ ಕಾರು ತುಂಬುವಂತೆ ಚೀರಿತು.

“ಅಯ್ಯಯ್ಯೋ, ಮುಖ ಎಲ್ಲ ಕೆಂಪಗಾಯ್ತು! ಸಮಾಧಾನ ಮಾಡ್ರೇ,” ಎಂದು ಪ್ರೇಮಮ್ಮ ಹಿಂದಕ್ಕೆ ತಿರುಗಿದರು.

ಓಂಕಾರಪ್ಪ ಗೇರು ಹಾಕಿದ.

“ಅಳ್ಲಿ ಬಿಡ್ರಿ ಬೀಗಿತ್ತಿಯೋರೆ. ಚಾರ್ಜ್ ಆಗ್ತೈತೆ.”