ಹನ್ನೆರಡು ಇಪ್ಪತ್ತರ ತಂತಿ

ಉತ್ತಯ್ಯನ ಅಂಗಳದಲ್ಲಿ ಜೋಡಿ ಗುಂಡು ಹಾರಿತು. ಪಾಲಿಬೆಟ್ಟದ ಆ ಮಗ್ಗುಲಿನವರೆಲ್ಲ ಗದ್ದೆ ಬಿಟ್ಟು ಓಡಿಬಂದರು. ಗಂಡು ಹುಟ್ಟಿದರೆ ಒಂದು ಗುಂಡು. ಸಾವಾದರೆ ಒಟ್ಟಿಗೆ ಎರಡು. ಆ ಮನೆಯಿಂದ ಎಲ್ಲರೂ ಕಾಯುತ್ತಿದ್ದದ್ದು ಒಂದು ಗುಂಡಿಗೆ. ಸೊಸೆ ಹೊನ್ನಮ್ಮನಿಗೆ ದಿನ ತುಂಬಿತ್ತು.

ಅವಳೇ ಹೊಟ್ಟೆ ಹಿಡಿದುಕೊಂಡು ಮೊದಲು ಹೊರಗೆ ಬಂದಳು.

“ಯಾರಿಗೆ ಮಾವ, ಈ ಗುಂಡು?”

“ನನ್ನ ಮಗನಿಗೆ.”

“ಕಲ್ಕತ್ತೆಗೆ ಸುಖವಾಗಿ ಮುಟ್ಟಿದ್ದೇನೆ ಅಂತ ಅವರ ತಂತಿ ಬಂದಿದೆಯಲ್ಲ!”

“ಮುಟ್ಟಿದವನು ಹನ್ನೊಂದು ದಿನ ಎಲ್ಲಿದ್ದಾನೆ?”

ಮಗ ದೇರಪ್ಪ ರಂಗೂನಿನಲ್ಲಿ ಮರದ ಕಂಪೆನಿಯ ಲೆಕ್ಕ ಬರೆಯುವ ರೈಟರ್. ಅಲ್ಲಿ ಗಲಭೆ ಎದ್ದಿತ್ತು. ಸೋಮವಾರ ಬೆಳಿಗ್ಗೆ ಎಂಟಕ್ಕೆ ವಿಮಾನ ಹತ್ತುತ್ತೇನೆ ಎಂದು ಮುಂಚೆಯೇ ಬರೆದಿದ್ದ. ಉತ್ತಯ್ಯ ಸುಬೇದಾರನಾಗಿದ್ದವನು, ಲೆಕ್ಕವಿಲ್ಲದೆ ಮಾತಾಡುವವನಲ್ಲ. ಶಾಲೆಯ ಭೂಪಟದ ಮೇಲೆ ದಾರ ಹಿಡಿದು ಅಳೆದಿದ್ದ. ರಂಗೂನಿನಿಂದ ಕಲ್ಕತ್ತೆಗೆ ಆರುನೂರ ಐವತ್ತು ಮೈಲು. ವಿಮಾನ ಗಂಟೆಗೆ ನೂರ ಮೂವತ್ತು ಮೈಲು ಹಾರುತ್ತದೆ. ಐದು ಗಂಟೆಯ ದಾರಿ.

“ಇಳಿಯಬೇಕಾದ್ದು ಒಂದು ಗಂಟೆಗೆ. ಕಲ್ಕತ್ತೆಯಲ್ಲಿ ತಂತಿ ಕೊಟ್ಟದ್ದು ಹನ್ನೆರಡು ಇಪ್ಪತ್ತಕ್ಕೆ. ವಿಮಾನ ಇಳಿಯುವ ಮೊದಲೇ ತಂತಿ ಕೊಟ್ಟವರು ಯಾರು? ಬಸ್ರಾದ ಯುದ್ಧದಲ್ಲಿ ಸತ್ತವರ ಮನೆಗೆ ‘ಸುಖವಾಗಿದ್ದಾನೆ’ ಅಂತ ನಾನೇ ಬರೆಸಿದ್ದೇನೆ. ಸುಳ್ಳು ತಂತಿಯ ವಾಸನೆ ನನಗೆ ಗೊತ್ತು.”

“ಅಲ್ಲಿ ಬೆಳಗಾಗೋದೇ ಬೇಗ ಅಂತ ಬರೀತಿದ್ರು ಮಾವ. ನೀನು ದೀಪ ಹಚ್ಚೋ ಹೊತ್ತಿಗೆ ನನ್ನ ಊಟ ಮುಗಿದಿರ್ತದೆ ಅಂತ…”

“ಗಂಡನ ಸರಸದ ಮಾತಲ್ಲಿ ಲೆಕ್ಕ ಹಾಕಬೇಡ, ಮಗಳೇ.”

ಸೂಲಗಿತ್ತಿ ಮುತ್ತಿ ತಡೆಯಲಾರದೆ ಮುಂದೆ ಬಂದಳು. “ತುಂಬಿದ ಬಸುರಿ ಇದು, ಸುಬೇದಾರ್ರೇ! ಇನ್ನೊಂದು ವಾರ ಕಾದಿದ್ರೆ ನಿಮ್ಮ ಕೋವಿ ತುಕ್ಕು ಹಿಡೀತಿತ್ತಾ?”

“ಸತ್ತವನನ್ನು ಕಾಯಿಸಬಾರದು.”

ಅವನು ದೈವಭಕ್ತ. ಶಾಸ್ತ್ರದಲ್ಲಿ ಒಂದನ್ನೂ ಬಿಡಲಿಲ್ಲ. ಸೊಸೆಯ ಬಳೆ ಒಡೆಸಿದ. ಬಿಳಿ ಬಟ್ಟೆ ಉಡಿಸಿದ. ಅವಳು ಅಳಲಿಲ್ಲ, ಅನ್ನ ಮುಟ್ಟಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ನೋವು ಕಾಣಿಸಿತು. ಮುತ್ತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಉತ್ತಯ್ಯ ಕೋವಿಗೆ ಒಂದು ತೋಟಾ ತುಂಬಿಕೊಂಡು ಜಗಲಿಯಲ್ಲಿ ಕುಳಿತ.

ಸಂಜೆ ಬಾಗಿಲು ತೆರೆಯಿತು. ಮುತ್ತಿ ಹೊರಗೆ ಬಂದಳು. ತಾಯಿಯೂ ಇಲ್ಲ, ಕೂಸೂ ಇಲ್ಲ ಎಂಬುದು ಅವಳ ಮುಖದಲ್ಲೇ ಇತ್ತು.

ಉತ್ತಯ್ಯ ಇನ್ನೊಂದು ತೋಟಾ ತುಂಬಿದ.

ಗುಂಡಿನ ಸದ್ದು ಅಡಗುವಷ್ಟರಲ್ಲಿ ಗದ್ದೆಯ ಏರಿಯ ಮೇಲೆ ಯಾರೋ ಓಡಿಬರುವುದು ಕಂಡಿತು. ಬಡಕಲು ಮೈ, ವಾರಗಟ್ಟಲೆ ಬೆಳೆದ ಗಡ್ಡ.

“ಯಾರಿಗೆ ಅಪ್ಪ, ಈ ಗುಂಡು?”

ಕೋವಿ ಕೈಯಿಂದ ಜಾರಿತು.

“ತಂತಿ ಕೊಟ್ಟ ದಿನವೇ ಜ್ವರ ಬಂದು ಬಿದ್ದೆ. ಆಸ್ಪತ್ರೆಯಲ್ಲಿ ಎಚ್ಚರವೇ ಇರಲಿಲ್ಲ. ಹೇಳು ಅಪ್ಪ, ಯಾರಿಗೆ?”

ಉತ್ತಯ್ಯನ ಕಣ್ಣು ಮಗನ ಮಣಿಕಟ್ಟಿನ ಗಡಿಯಾರದ ಮೇಲೆ ನಿಂತಿತ್ತು. ಅದರಲ್ಲಿ ಏಳು ಗಂಟೆ. ಗೋಡೆಯ ಗಡಿಯಾರದಲ್ಲಿ ಆರು.

ದೇರಪ್ಪ ಅಪ್ಪನ ನೋಟ ಕಂಡ. “ಅದು ಇನ್ನೂ ರಂಗೂನಿನ ಹೊತ್ತು. ಅಲ್ಲಿ ಎಂಟು ಅಂದರೆ ನಮಗೆ ಏಳು. ತಿರುಗಿಸಲಿಕ್ಕೆ ಮರೆತೆ. ಹೊನ್ನಮ್ಮ ಎಲ್ಲಿ, ಅಪ್ಪ?”

ಏಳಕ್ಕೆ ಐದು ಸೇರಿದರೆ ಹನ್ನೆರಡು. ಇಪ್ಪತ್ತು ನಿಮಿಷದಲ್ಲಿ ಒಂದು ತಂತಿ. ಉತ್ತಯ್ಯ ತೂಗುದೀಪದ ಕೆಳಗೆ ಮಂಡಿಯೂರಿ ಕೈಮುಗಿದ: “ಇಗ್ಗುತ್ತಪ್ಪಾ, ಲೆಕ್ಕ ತಪ್ಪದ ಆ ಹೆಣ್ಣಿಗೂ ಹೆಸರಿಡದ ಆ ಕೂಸಿಗೂ ಶಾಂತಿ ಕೊಡು.”