ಬೆಳ್ಳಕ್ಕಿ ಮುಡಿದ ಸವತಿ

ಊರಂಚಿನ ಜೌಗನ್ನು ಯಾರೂ ಮುಚ್ಚಬಾರದೆಂದು, ಅದನ್ನು ತುಂಡುತುಂಡಾಗಿ ಹೊಳೆದಂಡೆಯ ಗಂಡಸರಿಗೆ ಮದುವೆ ಮಾಡಿಕೊಡುವ ಕಾನೂನು ಬಂದಿತ್ತು. ಸಂಜೆಯಾದರೆ ಪುಟ್ಟಸಿದ್ದಮ್ಮನ ಗಂಡ ಶಿವನಂಜ ತನ್ನ ಪಾಲಿಗೆ ಬಂದ ಜೌಗಿಗೇ ಹೋಗುತ್ತಿದ್ದ. ಮೊದಲು ಇವಳಿಗೆ ತರುತ್ತಿದ್ದ ಮಲ್ಲಿಗೆಯನ್ನು ಈಗ ಬೆಳ್ಳಕ್ಕಿಗಳು ಕೂರುವ ಅಲ್ಲಿನ ಜೊಂಡಿಗೆ ಮುಡಿಸುತ್ತಿದ್ದ.

"ಪಕ್ಕದ ಮಾದಪ್ಪ ತನ್ನ ಪಾಲಿನವ್ಳನ್ನ ಬುಟ್ಬುಟ್ಟು, ಮಣ್ಣು ಹುಯ್ಸಿ ಮನೆ ಕಟ್ಲಿಲ್ವಾ? ನಿಮ್ಗೇನು ದಾಡಿ?" ಎಂದು ಪುಟ್ಟಸಿದ್ದಮ್ಮ ಸಿಡುಕಿದಳು.

ಶಿವನಂಜ ಕಾಲಿನ ಕೆಸರು ತೊಳೆಯುತ್ತ ಸುಮ್ಮನೆ ನಕ್ಕ.

ಆಷಾಢದಲ್ಲಿ ಹೊಳೆ ಉಕ್ಕಿತು. ಮಾದಪ್ಪನ ಹೊಸ ಮನೆಯಲ್ಲಿ ಸೊಂಟದವರೆಗೆ ನೀರು ನಿಂತು, ಅವನ ಹೆಂಡತಿ ಪಾತ್ರೆಪಗಡ ಹೊತ್ತು ಪುಟ್ಟಸಿದ್ದಮ್ಮನ ಜಗುಲಿಗೆ ಬಂದಳು. ಇತ್ತ ನುಗ್ಗಿದ ನೀರನ್ನೆಲ್ಲ ಶಿವನಂಜನ ಜೌಗು ಕುಡಿದುಬಿಟ್ಟಿತ್ತು, ಇವರ ಹೊಸ್ತಿಲೂ ಒದ್ದೆಯಾಗಿರಲಿಲ್ಲ.

"ನಿನ್ ಸವತಿ ಚಿನ್ನ ಕಣಕ್ಕ," ಎಂದಳು ಅವಳು.

ಪುಟ್ಟಸಿದ್ದಮ್ಮನಿಗೆ ಹೊಟ್ಟೆ ಇನ್ನಷ್ಟು ಉರಿಯಿತು.

"ಬೆಳ್ಳಕ್ಕಿ ಮುಡ್ಕೊಂಡು ಮೆರೆಯೋದು ಸಾಲ್ದು ಅಂತ, ಈಗ ಒಳ್ಳೇವ್ಳೂ ಆಗ್ಬುಟ್ಲಾ ಅವ್ಳು?"