ಸ್ವಾತಿ ಹೊಲಿದ ಕಾದಂಬರಿ

ಹೆಣ್ಣು ನೋಡುವ ಶಾಸ್ತ್ರದ ಮಾತನ್ನು ಹೊರಗೆ ಹೇಳಬಾರದು ಎನ್ನುತ್ತಾರೆ. ಆದರೂ ಹೇಳುತ್ತಿದ್ದೇನೆ, ಕ್ಷಮಿಸಿ. "ಹೋದ ವರ್ಷ ಓದಿದ್ರಗೆ ನಿಮ್ಗ್ ಖುಷಿ ಆದ್ ಪುಸ್ತಕ ಯಾವ್ದ್?" ಎಂದು ತೆಕ್ಕಟ್ಟೆಯ ಹುಡುಗ ರವಿಚಂದ್ರ ಕೇಳಿದಾಗ, ಸ್ವಾತಿ ಒಳಗಿಂದ ತನ್ನ ಮೆಚ್ಚಿನ ಕಾದಂಬರಿ ತಂದಳು. ವಾರಪತ್ರಿಕೆಯ ಧಾರಾವಾಹಿಯನ್ನು ವಾರವಾರವೂ ಕತ್ತರಿಸಿಟ್ಟು, ಗೋಣಿ ಸೂಜಿಯಲ್ಲಿ ಹೊಲಿದು, ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿದ್ದಳು.

ಅವನು ಅದನ್ನು ಎರಡೇ ಬೆರಳಲ್ಲಿ ಎತ್ತಿದ. "ಇದನ್ನ ಪುಸ್ತಕ ಅಂಬ್ದಾ? ಮೀನ್ ಕಟ್ಟುಕೆ ಆತ್, ಅಷ್ಟೆ." ಆಮೇಲೆ ತಾನು ಮೆಚ್ಚಿದ ದಪ್ಪ ಗ್ರಂಥಗಳ ಹೆಸರನ್ನು ಮಕ್ಕಳಿಗೆ ಮಗ್ಗಿ ಹೇಳಿಕೊಡುವಂತೆ ಒಂದೊಂದಾಗಿ ಹೇಳಿದ. ಈ ಸಂಬಂಧ ಕೈತಪ್ಪಬಾರದೆಂದು ಸ್ವಾತಿಯ ಅಪ್ಪಯ್ಯ ಎಲ್ಲದಕ್ಕೂ ತಲೆಯಾಡಿಸಿದರು. ಸ್ವಾತಿಗೆ ಮಾತ್ರ ಅವನ ಮೇಲೆತ್ತಿದ ಮೂಗಿನ ತುದಿ ಬಿಟ್ಟು ಬೇರೇನೂ ಕಾಣಲಿಲ್ಲ.

ಹಿರಿಯರು ಜಾತಕದ ಮಾತಿಗಿಳಿದರು. ಬೇಸರಕ್ಕೆ ಸ್ವಾತಿಯ ಪುಸ್ತಕದ ಪುಟ ತಿರುವಿದ ರವಿಚಂದ್ರ ಮತ್ತೆ ತಲೆ ಎತ್ತಲಿಲ್ಲ. ಮುಂದಿಟ್ಟ ಚಾ ಆರಿಹೋಯಿತು. "ಎಂತ ಮಾಣಿ, ಹುಡ್ಗಿ ಒಪ್ಪಿಗಿಯಾ?" ಎಂದು ಅವನ ತಂದೆ ಎರಡು ಸಲ ಕೇಳಿದರು.

"ತಡಿ ಅಪ್ಪಯ್ಯ, ಈ ಕಂತ್ ಮುಗಿಲಿ."

ಸ್ವಾತಿ ಅವನ ಕೈಯಿಂದ ಪುಸ್ತಕ ಎಳೆದುಕೊಂಡಳು. "ನಂಗ್ ಒಪ್ಪಿಗಿ ಇಲ್ಲ" ಎಂದಳು.

ಉಳಿದ ಕಂತುಗಳು ಅವನಿಗೆ ಆಮೇಲೆ ಎಲ್ಲಾದರೂ ಸಿಕ್ಕಿದವೋ ಇಲ್ಲವೋ, ಗೊತ್ತಿಲ್ಲ.